ಕೇಳದೆ ಹೋಗುವ ದಾರಿ

ಬೀಗವನ್ನು ಮೊದಲು ಕಂಡವಳು ನೋರೀನ್ ಪ್ರೂಯಿಟ್.

ಮಾರ್ಚ್ ತಿಂಗಳ ಕೊನೆಯ ವಾರ. ಹಿಮ ಕರಗಿ ಮಣ್ಣುರಸ್ತೆಗಳ ಮೈಯೆಲ್ಲ ಕಿತ್ತುಹೋಗಿದ್ದ ದಿನಗಳು. ಅಲಗಿನಿಂದ ರಸ್ತೆ ಕೆರೆದು ಸಮ ಮಾಡುವ ಕೌಂಟಿಯ ಹಳದಿ ಗ್ರೇಡರನ್ನು ಕೋಪ್ ಊರಿನ ಶೆಡ್ಡಿನಿಂದ ಹೊರಡಿಸಿ, ಎರಡೂವರೆ ಗಂಟೆ ಕುಲುಕಿಸಿಕೊಂಡು ಬಂದು, ಟೀಲ್ ಕೆರೆಗೆ ಹೋಗುವ ದಾರಿಯ ಗೇಟಿನ ಮುಂದೆ ನಿಲ್ಲಿಸಿದಳು. ಇಳಿದು ಸರಪಳಿಗೆ ಕೈ ಹಾಕಿದರೆ ಅಂಗೈಯಗಲದ ಹೊಸ ಬೀಗ. ಪಕ್ಕದ ಕಂಬಕ್ಕೆ ಬಿಳಿ ಹಲಗೆ: ಖಾಸಗಿ ರಸ್ತೆ, ಅನುಮತಿಯಿಲ್ಲದೆ ಪ್ರವೇಶವಿಲ್ಲ.

ಅವಳಿಗೆ ಮೊದಲು ಬಂದದ್ದು ಸಿಟ್ಟಲ್ಲ, ನಾಚಿಕೆ. ಯಾರದೋ ಮಲಗುವ ಕೋಣೆಯ ಬಾಗಿಲು ತಳ್ಳಿಬಿಟ್ಟವಳ ಹಾಗೆ ಎರಡು ಹೆಜ್ಜೆ ಹಿಂದೆ ಸರಿದಳು. ಹಿಂದೆ ಸರಿದೆನಲ್ಲ ಎಂಬುದಕ್ಕೇ ಆಮೇಲೆ ಸಿಟ್ಟು ಬಂತು. ಇಪ್ಪತ್ತಾರು ವರ್ಷ ತಾನೇ ಕೆರೆದು, ಸವರಿ, ಸಮ ಮಾಡಿದ ರಸ್ತೆ. ಯಾವ ತಿರುವಿನಲ್ಲಿ ನೀರು ನಿಲ್ಲುತ್ತದೆ, ಯಾವ ಏರಿನಲ್ಲಿ ಕಲ್ಲು ಮೇಲೇಳುತ್ತದೆ ಎನ್ನುವುದು ಅವಳಿಗೆ ಹೆತ್ತ ಮಗನ ತಲೆಯ ಸುಳಿಯಷ್ಟೇ ಗೊತ್ತು. ಗ್ರೇಡರನ್ನು ಅಲ್ಲಿಂದ ತಿರುಗಿಸುವುದಕ್ಕೂ ಜಾಗ ಸಾಲದು. ಮುಕ್ಕಾಲು ಮೈಲಿ ಹಿಮ್ಮುಖವಾಗಿಯೇ ನಡೆಸಿದಳು. ಅಷ್ಟು ದೂರವೂ ಕತ್ತು ತಿರುಗಿಸಿ ಬಯ್ಯುತ್ತಲೇ ಇದ್ದಳು. ಕೇಳುವುದಕ್ಕೆ ಒಂದು ಕಾಗೆಯೂ ಇರಲಿಲ್ಲ.

ವಿಟ್‌ಲಾಕ್ ಕೌಂಟಿ ಎಂದರೆ ಉದ್ದಕ್ಕೆ ನೂರು ಮೈಲಿ, ಅಗಲಕ್ಕೆ ಅರವತ್ತು, ಅದರೊಳಗೆ ಏಳುನೂರ ನಲವತ್ತು ಜನ. ಪಶ್ಚಿಮಕ್ಕೆ ಉಪ್ಪುಬಯಲು, ಪೂರ್ವಕ್ಕೆ ಕಪ್ಪು ಬಂಡೆಯ ಏಣು, ನಡುವೆ ಕಣ್ಣು ಸೋಲುವಷ್ಟು ದೂರ ಬೂದಿಬಣ್ಣದ ಸೇಜ್ ಪೊದೆ. ಒಂದು ಶಾಲೆ, ಒಂದು ಅಂಗಡಿ, ಒಂದು ಆಂಬುಲೆನ್ಸು. ಸರ್ಕಾರವೆಂದರೆ ಮೂವರು ಕಮಿಷನರುಗಳು. ತಿಂಗಳಿಗೆ ಎರಡು ಬುಧವಾರ ಕೂತು ಕೌಂಟಿ ಆಳುತ್ತಾರೆ, ಉಳಿದ ದಿನ ದನ ನೋಡಿಕೊಳ್ಳುತ್ತಾರೆ. ಮೋಜೆಂದರೆ ಚಳಿಗಾಲದಲ್ಲಿ ಶಾಲೆಯ ಬ್ಯಾಸ್ಕೆಟ್‌ಬಾಲ್, ಅಕ್ಟೋಬರಿನಲ್ಲಿ ಜಿಂಕೆ ಬೇಟೆ, ಬೇಸಗೆ ಪೂರ್ತಿ ಟೀಲ್ ಕೆರೆ. ಕೆರೆ ಸರ್ಕಾರಿ ಕಾಡಿನೊಳಗಿದೆ, ಎಲ್ಲರದ್ದು. ಆದರೆ ಅಲ್ಲಿಗಿರುವುದು ಒಂದೇ ದಾರಿ. ಆ ದಾರಿ ಗೇಟಿನಿಂದಾಚೆ ಎರಡು ಮೈಲಿ ದನ ಸಾಕುವ ಲೂಮಿಸ್ ರ‍್ಯಾಂಚಿನ ನೆಲದ ಮೇಲೆ ಹಾಯುತ್ತದೆ.

ನೋರೀನ್ ಬಾವಿ ಕೊರೆಯುವವನ ಮಗಳು. ಶಾಲಾ ಬಸ್ಸು ಓಡಿಸುತ್ತಿದ್ದ ಲೈಲ್‌ನನ್ನು ಮದುವೆಯಾಗಿ, ಒಬ್ಬ ಮಗನನ್ನು ಹೆತ್ತು, ಮೂವತ್ತಾರರ ವಯಸ್ಸಿನಲ್ಲಿ ಗ್ರೇಡರ್ ಕೆಲಸಕ್ಕೆ ಅರ್ಜಿ ಹಾಕಿದಳು. ಆಗಿನ ಕಮಿಷನರೊಬ್ಬ, ಯಂತ್ರಕ್ಕೆ ಇನ್ನೊಂದು ಕನ್ನಡಿ ಹಾಕಿಸಬೇಕಾಗುತ್ತೆ, ತಲೆ ಬಾಚಿಕೊಳ್ಳೋದಕ್ಕೆ ಎಂದು ನಗಾಡಿದ್ದ. ಅವಳು ಹೋಗಿ, ಉಪ್ಪುಬಯಲಿನ ಅಂಚಿನ ಹನ್ನೊಂದು ಮೈಲಿ ರಸ್ತೆಯನ್ನು ಸಂಜೆಯೊಳಗೆ ಹಾಸಿಗೆಯಂತೆ ಮಾಡಿಟ್ಟು ಬಂದಳು. ಕನ್ನಡಿಯ ಮಾತು ಮತ್ತೆ ಯಾರ ಬಾಯಲ್ಲೂ ಬರಲಿಲ್ಲ.

ಕೆಲಸಕ್ಕೆ ಸೇರಿದ ಎರಡನೆಯ ಬೇಸಗೆ. ರಸ್ತೆಯಡಿಯ ಕೊಳವೆ ಕಟ್ಟಿಕೊಂಡು ಕಾಲುವೆಯ ನೀರು ಮೇಲೆ ಹರಿಯುತ್ತಿದೆ ಎಂದು ಯಾರೋ ಫೋನು ಮಾಡಿದರು. ಹುಲ್ಲುಕಸ ಇರಬೇಕೆಂದು ಅವಳು ಮೊಣಕಾಲೂರಿ ಕೊಳವೆಯೊಳಗೆ ಕೈ ಹಾಕಿದಳು. ಕೈಗೆ ಸಿಕ್ಕಿದ್ದು ಒಂದು ಪುಟ್ಟ ಬೂಟು, ಬೂಟಿನೊಳಗೆ ಕಾಲು. ನಾಲ್ಕು ವರ್ಷದ ಮಗು. ಬೆಳಿಗ್ಗೆಯಿಂದ ಅದರ ತಾಯಿ ಕೊಟ್ಟಿಗೆ, ಕಣಜ ಎಲ್ಲ ಹುಡುಕುತ್ತಿದ್ದಳು. ಆ ಮಗುವಿನ ಹೆಸರನ್ನು ನೋರೀನ್ ಇವತ್ತಿಗೂ ಬಾಯಿಬಿಟ್ಟು ಹೇಳುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ಪ್ರತಿ ಮನೆಯ ಹಿತ್ತಿಲಲ್ಲೂ ಕಾಲುವೆ ಹರಿಯುತ್ತದೆ, ಒಂದು ಮಗುವಿಗೂ ಈಜು ಬಾರದು. ಮುಂದಿನ ಜುಲೈಯಿಂದ ಮಂಗಳವಾರ ಮಂಗಳವಾರ ರಜೆ ಹಾಕಿ, ಸಿಕ್ಕ ಮಕ್ಕಳನ್ನೆಲ್ಲ ಟೀಲ್ ಕೆರೆಗೆ ಕರೆದೊಯ್ದು ಈಜು ಕಲಿಸತೊಡಗಿದಳು. ಇಪ್ಪತ್ತನಾಲ್ಕು ಜುಲೈ ತಿಂಗಳುಗಳಾದವು. ಈಗ ಕೌಂಟಿಯಲ್ಲಿ ಮೂವತ್ತರೊಳಗಿನ ಯಾರನ್ನು ನೀರಿಗೆ ತಳ್ಳಿದರೂ ತೇಲುತ್ತಾರೆ. ಆ ನಂತರ ಕಾಲುವೆಗೆ ಒಂದು ಮಗುವೂ ಹೋಗಿಲ್ಲ.

ಬೀಗ ಎಂದರೆ ಇದೆಲ್ಲಕ್ಕೂ ಬೀಗ.

ಮುದುಕ ಹಾಯ್ಟ್ ಲೂಮಿಸ್ ಸತ್ತು, ಅವನ ಹೆಣ್ಣುಮಕ್ಕಳು ರ‍್ಯಾಂಚನ್ನು ಕರಾವಳಿ ಕಡೆಯ ಸಿರಿವಂತನೊಬ್ಬನಿಗೆ ಮಾರಿದ್ದರು. ಅವನ ಮುಖವನ್ನು ಕೌಂಟಿಯಲ್ಲಿ ಯಾರೂ ನೋಡಿರಲಿಲ್ಲ. ಅವನ ವಿಮಾನದ ಹೊಟ್ಟೆಯನ್ನು ನೋಡಿದ್ದರು. ದಾರಿ ತನ್ನದು, ಊರವರಿಗೆ ಅದರ ಮೇಲೆ ಯಾವ ಹಕ್ಕೂ ಇಲ್ಲ ಎಂದು ಅವನ ವಕೀಲನಿಂದ ಕೌಂಟಿಗೆ ಕಾಗದ ಬಂತು. ಏಪ್ರಿಲ್‌ನ ಎರಡನೆಯ ಬುಧವಾರ ಕಮಿಷನರುಗಳ ಮುಂದೆ ವಿಚಾರಣೆ ನಿಗದಿಯಾಯಿತು.

ನೋರೀನ್‌ಗೆ ಧೈರ್ಯವಿತ್ತು. ಪುರಾವೆ ಅವಳ ಅಡುಗೆಮನೆಯ ಕಪಾಟಿನಲ್ಲೇ ಇತ್ತು. ಅಂಗಿಯ ಜೇಬಿನಲ್ಲಿ ಹಿಡಿಸುವ ಹಸಿರು ರಟ್ಟಿನ ಡೈರಿಗಳು, ವರ್ಷಕ್ಕೊಂದರಂತೆ ಇಪ್ಪತ್ತಾರು. ಯಾವ ದಿನ ಯಾವ ರಸ್ತೆ, ಎಷ್ಟು ಮೈಲಿ, ಮಣ್ಣು ಹಸಿಯೋ ಒಣಗಿದ್ದೋ, ಒಂದು ದಿನ ತಪ್ಪಿಸದೆ ಬರೆದಿದ್ದಳು. ಕೌಂಟಿಯ ಯಂತ್ರ, ಕೌಂಟಿಯ ಎಣ್ಣೆ, ಕೌಂಟಿಯ ಆಳು ಇಷ್ಟು ವರ್ಷ ಸರಿಪಡಿಸಿದ ರಸ್ತೆ ಒಬ್ಬನದು ಹೇಗಾಗುತ್ತದೆ? ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಡೈರಿಗಳನ್ನು ಸೇಬಿನ ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿಕೊಂಡು ಹೋದಳು. ಕೋರ್ಟುಮನೆಯ ಕೋಣೆಯಲ್ಲಿ ಎಂಬತ್ತು ಜನ ನೆರೆದಿದ್ದರು. ಕೌಂಟಿಯ ಒಂಬತ್ತರಲ್ಲೊಂದು ಪಾಲು.

ಹೊಸ ಮಾಲೀಕನ ವಕೀಲ ಒಳ್ಳೆಯ ಮಾತಿನವನು. ಅವಳ ಡೈರಿಗಳನ್ನು ತಿರುವಿ ನೋಡಿ ನಿಜವಾಗಿಯೇ ಮೆಚ್ಚಿದ. ಇಷ್ಟು ಶಿಸ್ತಾಗಿ ಬರೆಯುವವರು ನಮ್ಮ ಆಫೀಸಿನಲ್ಲೂ ಇಲ್ಲ ಎಂದ. ಒಂದೆರಡು ದಿನದ್ದನ್ನು ನೀವೇ ಓದಿ ಎಂದು, ತಾನು ಬೆರಳಿಟ್ಟುಕೊಂಡಿದ್ದ ಪುಟ ತೆರೆದು ಕೊಟ್ಟ. ಅವಳು ಕನ್ನಡಕ ಏರಿಸಿಕೊಂಡು ಓದಿದಳು.

"ಮೇ ಹದಿನಾಲ್ಕು. ಹಾಯ್ಟ್‌ನನ್ನ ಕೇಳಿದೆ. ಹೂಂ ಅಂದ. ಗೇಟಿಂದ ಕೆರೆ ತನಕ ಸಮ ಮಾಡಿದೆ. ಗೇಟು ಹಾಕಿ ಬಂದೆ."

ಇನ್ನೊಂದು ವರ್ಷದ್ದು ಕೊಟ್ಟ. ಅದರಲ್ಲೂ ಹಾಯ್ಟ್‌ನನ್ನ ಕೇಳಿದೆ. ಮತ್ತೊಂದರಲ್ಲಿ, ಹಾಯ್ಟ್ ಮನೆಯಲ್ಲಿರಲಿಲ್ಲ, ಅವನ ಹೆಂಡತಿಯನ್ನ ಕೇಳಿದೆ. ಓದುತ್ತ ಓದುತ್ತ ಅವಳ ದನಿ ಇಳಿಯಿತು. ಏನೋ ನಡೆಯುತ್ತಿದೆ ಎಂದು ತಿಳಿಯಿತು, ಏನೆಂದು ತಿಳಿಯಲಿಲ್ಲ. ಕೇಳದೆ ಹೋದ ದಿನ ಒಂದಾದರೂ ಇದೆಯೇ ಎಂದು ವಕೀಲ ಮೆಲ್ಲಗೆ ವಿಚಾರಿಸಿದ.

"ಕೇಳದೆ ಹೇಗ್ರೀ ಹೋಗ್ತಾರೆ?" ಎಂದಳು ನೋರೀನ್.

ವಕೀಲ ಥ್ಯಾಂಕ್ಸ್ ಹೇಳಿ ಕೂತುಬಿಟ್ಟ. ಅವನಿಗೆ ಬೇಕಾಗಿದ್ದದ್ದು ಅಷ್ಟೇ.

ಇಲ್ಲಿ ಯಾರೂ ಕೇಳದೆ ಯಾರ ಗೇಟನ್ನೂ ದಾಟುವುದಿಲ್ಲ. ಬೇಡ ಎನ್ನುವವರೂ ಇಲ್ಲ. ಮನೆಯಿಂದ ಮನೆಗೆ ಇಪ್ಪತ್ತು ಮೈಲಿ ಇರುವ ಕಡೆ, ಫೋನು ಮಾಡಿ 'ನಿನ್ನ ಗೇಟಿನ ಮೇಲೆ ಹೋಗ್ತಾ ಇದೀನಿ' ಎಂದು ಹೇಳಿ ಹೋದರೆ, ಸಂಜೆಗೆ ವಾಪಸು ಬಾರದಿದ್ದವನನ್ನು ಎಲ್ಲಿ ಹುಡುಕಬೇಕೆಂದು ಒಬ್ಬರಿಗಾದರೂ ಗೊತ್ತಿರುತ್ತದೆ. ಕೇಳುವುದೆಂದರೆ ಅದು. ಅಜ್ಜಂದಿರ ಕಾಲದಿಂದ ನಡೆದು ಬಂದದ್ದು, ತಾಯಂದಿರು ಮಕ್ಕಳಿಗೆ ಬೂಟು ಕಟ್ಟಿಕೊಳ್ಳುವುದನ್ನು ಕಲಿಸುವಾಗಲೇ ಕಲಿಸುವ ಮರ್ಯಾದೆ. ಕೋರ್ಟಿನ ಕಣ್ಣಿಗೆ ಮಾತ್ರ ಅದು ಬೇರೆ. ಕೇಳಿದವನು ಹಕ್ಕಿಲ್ಲವೆಂದು ಒಪ್ಪಿಕೊಂಡವನು. ಇಡೀ ಕೌಂಟಿ ನೂರು ವರ್ಷ ಆ ದಾರಿಯಲ್ಲಿ ಓಡಾಡಿತ್ತು, ನೂರು ವರ್ಷವೂ ಮರ್ಯಾದೆಯಿಂದ ಕೇಳಿಯೇ ಓಡಾಡಿತ್ತು. ಆ ಮರ್ಯಾದೆಗೆ ಲಿಖಿತ ಸಾಕ್ಷಿ ಬೇರೆ ಯಾರ ಬಳಿಯೂ ಇರಲಿಲ್ಲ. ನೋರೀನ್ ಇಟ್ಟಿದ್ದಳು, ಪೆಟ್ಟಿಗೆ ತುಂಬ, ದುಂಡಗಿನ ಅಕ್ಷರದಲ್ಲಿ.

ಕಮಿಷನರುಗಳು ಅವತ್ತು ತೀರ್ಮಾನ ಹೇಳಲಿಲ್ಲ. ನೋರೀನ್ ಮನೆಗೆ ಬಂದು ಪೆಟ್ಟಿಗೆಯನ್ನು ಒಲೆಗೆ ಸುರಿಯಬೇಕೆಂದುಕೊಂಡಳು. ಸುರಿಯಲಿಲ್ಲ, ಬರೆದಿದ್ದರಲ್ಲಿ ಸುಳ್ಳೇನೂ ಇರಲಿಲ್ಲವಲ್ಲ. ಒಲೆಯ ಮುಂದೆ ಕೂತು ಸೊಸೆ ಜನೆಲ್‌ಗೆ ಫೋನು ಮಾಡಿ ಒಂದು ಗಂಟೆ ಕೂಗಾಡಿದಳು. ತನ್ನನ್ನೇ ಬೈದುಕೊಂಡಳು, ಸತ್ತ ಹಾಯ್ಟ್‌ನನ್ನು ಬೈದಳು, ತನಗೆ ಮರ್ಯಾದೆ ಕಲಿಸಿದ ತಾಯಿಯನ್ನೂ ಬಿಡಲಿಲ್ಲ. ಜನೆಲ್ ಆ ಕಡೆಯಿಂದ ಮಗಳು ಪೋಸಿಗೆ ತಲೆ ಬಾಚುತ್ತ ಹೂಂ ಹೂಂ ಎನ್ನುತ್ತಿದ್ದಳು.

ಮೇ ತಿಂಗಳಲ್ಲಿ ಎರಡನೆಯ ಕಾಗದ ಬಂತು. ಇದರಲ್ಲಿ ಜೇನು ತುಂಬಿತ್ತು. ಮಾಲೀಕರಿಗೆ ಊರವರ ಮೇಲೆ ಯಾವ ಬೇಸರವೂ ಇಲ್ಲ. ಕೌಂಟಿಯ ಪ್ರತಿಯೊಬ್ಬರಿಗೂ ಉಚಿತವಾಗಿ ಒಂದು ಅನುಮತಿ ಕಾರ್ಡು ಕೊಡುತ್ತಾರೆ. ಸಹಿ ಹಾಕಿದರೆ ಸಾಕು, ಕೆರೆಗೆ ಹೋಗಬಹುದು. ಅನುಮತಿಯನ್ನು ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳುವ ಅಧಿಕಾರ ಮಾತ್ರ ಅವರದು. ಕೌಂಟಿ ಈ ದಾರಿಯ ತಂಟೆ ಬಿಟ್ಟರೆ, ಪ್ರೀತಿಯ ಕಾಣಿಕೆಯಾಗಿ ಒಂದು ಹೊಸ ಆಂಬುಲೆನ್ಸು.

ಆಂಬುಲೆನ್ಸಿನ ಮಾತು ಎಲ್ಲರ ಬಾಯಿ ಮುಚ್ಚಿಸಿತು. ಇದ್ದ ಒಂದು ಗಾಡಿ ವರ್ಷಕ್ಕೆ ಮೂರು ತಿಂಗಳು ಗ್ಯಾರೇಜಿನಲ್ಲಿ ಮಲಗಿರುತ್ತಿತ್ತು. ನೋರೀನ್ ಮಾತ್ರ ಸುಮ್ಮನಿರಲಿಲ್ಲ. ಸಂಜೆ ಕೆಲಸ ಮುಗಿಸಿ, ತನ್ನ ಪಿಕಪ್ಪಿನಲ್ಲಿ ಮನೆಮನೆಗೆ ಹೋದಳು. ಒಂದು ಸಂಜೆಗೆ ಎರಡೇ ಮನೆ. ಅದಕ್ಕಿಂತ ಹೆಚ್ಚಿಗೆ ದೂರ ಬಿಡುವುದಿಲ್ಲ. ಸಹಿ ಹಾಕಬೇಡಿ, ಇವತ್ತು ಕೊಟ್ಟವನು ನಾಳೆ ಕಿತ್ತುಕೊಳ್ತಾನೆ, ಸಹಿ ಹಾಕಿದ ಮೇಲೆ ಕೇಳೋಕೆ ಬಾಯಿರಲ್ಲ ಎಂದಳು. ಜನ ಕಾಫಿ ಕೊಟ್ಟರು, ಬೆರ‍್ರಿ ಹಣ್ಣಿನ ಪೈ ಕೊಟ್ಟರು, ನಿನ್ನ ಮಾತು ಸರಿ ಎಂದರು. ಅವಳು ಗೇಟು ದಾಟಿದ ಮೇಲೆ ಸಹಿ ಹಾಕಿದರು. ಒಬ್ಬ ಮುದುಕನಂತೂ ಅವಳೆದುರೇ ಹಾಕಿ, ಮೀನು ಯಾರ ಅನುಮತಿಯಿಂದ ಸಿಕ್ಕರೂ ರುಚಿ ಒಂದೇ ಎಂದ. ಅವನ ಮನೆ ಮುಂದಿನ ಒಂದು ಮೈಲಿ ರಸ್ತೆಯನ್ನು ಈ ಬೇಸಗೆ ಸಮ ಮಾಡಬಾರದು ಎಂದುಕೊಂಡಳು. ಮರುದಿನ ಮಾಡಿದಳು, ಹಲ್ಲು ಕಚ್ಚಿಕೊಂಡು.

ಜೂನ್ ಎರಡನೆಯ ಬುಧವಾರ ಮತಕ್ಕೆ ಹಾಕಿದರು. ಕಮಿಷನರುಗಳ ಅಧ್ಯಕ್ಷ ರಸ್ ಹ್ಯಾಡ್ಲಿ, ಶಾಲೆಯಲ್ಲಿ ನೋರೀನ್‌ಳ ಜೊತೆಯವನು, ಕೆಟ್ಟವನಲ್ಲ. ಒಬ್ಬರು ಆ ಕಡೆ, ಒಬ್ಬರು ಈ ಕಡೆ ಆಗಿ, ಅವನ ಮತವೊಂದು ಉಳಿಯಿತು. ಅವಳಿಗೆ ಮಾತಾಡಲು ಮೂರು ನಿಮಿಷ ಕೊಟ್ಟರು. ಅವಳು ಕಾಲುವೆಯ ಮಗುವಿನ ಮಾತೆತ್ತಿದಳು. ಈಜು ಕಲಿಸೋದನ್ನ ಯಾರೂ ನಿಲ್ಲಿಸಿಲ್ಲ, ಕಾರ್ಡಿಗೆ ಸಹಿ ಹಾಕಿ ಕಲಿಸು ಎಂದ ರಸ್. ಅವನು ಅಲ್ಲಿಗೇ ನಿಲ್ಲಿಸಬಹುದಿತ್ತು.

"ನೋರೀನ್, ಲೈಲ್ ಬಸ್ಸಲ್ಲೇ ಎದೆ ಹಿಡಕೊಂಡು ಕೂತಿದ್ದನಲ್ಲ, ಆಂಬುಲೆನ್ಸು ಬರೋಕೆ ಎಷ್ಟು ಹೊತ್ತಾಯ್ತು?"

ಎಷ್ಟು ಹೊತ್ತು ಎನ್ನುವುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಒಂದು ಗಂಟೆ ಹತ್ತು ನಿಮಿಷ. ಲೈಲ್ ನಲವತ್ತನೆಯ ನಿಮಿಷಕ್ಕೇ ಹೋಗಿದ್ದ.

"ಅವನ ಹೆಸರಲ್ಲಿ ಮಾರ್ತಾ ಇದೀಯಾ ರಸ್ ದಾರೀನ?" ಎಂದಳು. ದನಿ ಏರಿಸಲಿಲ್ಲ. "ಆಂಬುಲೆನ್ಸು ಬೇಕು ಅಂತ ಮೂರು ವರ್ಷ ಈ ಕೋಣೇಲಿ ನಿಂತು ಹೇಳಿದವಳು ನಾನು. ಆಗೆಲ್ಲ ಆಮೇಲೆ ನೋಡೋಣ ಅಂದವನು ನೀನು."

ರಸ್ ಮುಖ ಕೆಂಪಾಯಿತು. ಕೈ ಎತ್ತಿದ. ಎರಡಕ್ಕೊಂದು, ಕೌಂಟಿ ಇನ್ನು ಆ ದಾರಿಗಾಗಿ ಹೋರಾಡುವುದಿಲ್ಲ, ಗ್ರೇಡರ್ ಅಲ್ಲಿಗೆ ಹೋಗುವುದಿಲ್ಲ.

ಕೌಂಟಿಯ ಪರವಾಗಿ ಬರುವ ವಕೀಲ ಪಕ್ಕದ ಕೌಂಟಿಗೂ ಅವನೇ; ವಾರಕ್ಕೊಂದು ದಿನ ಬಂದು ಹೋಗುತ್ತಾನೆ. ಹೊರಗಿನ ಮೊಗಸಾಲೆಯಲ್ಲಿ ಅವಳು ಗೋಡೆಗೆ ಹಣೆ ಹಚ್ಚಿ ನಿಂತಿದ್ದಾಗ ಕಾಫಿ ಲೋಟ ಹಿಡಿದು ಬಂದ. ಕೌಂಟಿ ಕೈಬಿಟ್ಟ ಮಾತ್ರಕ್ಕೆ ಜನರ ದಾರಿ ಮುಗಿಯಲಿಲ್ಲ ಎಂದ. ಯಾರಾದರೂ ಒಬ್ಬರು ಕೇಳದೆ, ಕದ್ದುಮುಚ್ಚದೆ, ಬೇಡ ಅಂದರೂ ಬಿಡದೆ, ಹತ್ತು ವರ್ಷ ಆ ದಾರಿಯಲ್ಲಿ ಹೋಗಿಬಂದರೆ, ಕೋರ್ಟು ಅವರ ಮಾತು ಕೇಳಲೇಬೇಕಾಗುತ್ತದೆ. ಆದರೆ ನಡುವೆ ಒಂದು ಸಲ ಅನುಮತಿ ಕೇಳಿದರೂ ಮುಗಿಯಿತು.

"ಹತ್ತು ವರ್ಷಕ್ಕೆ ನಂಗೆ ಎಪ್ಪತ್ತೆರಡು," ಎಂದಳು ನೋರೀನ್.

ಅವನು ಭುಜ ಹಾರಿಸಿ, ನಾನು ಏನೂ ಹೇಳಿಲ್ಲ ಎಂಬಂತೆ ಹೋಗಿಬಿಟ್ಟ.

ಜುಲೈ ಬಂತು. ಮೊದಲ ಮಂಗಳವಾರದ ಹಿಂದಿನ ದಿನ ಜನೆಲ್ ಅವಳ ಮನೆಗೆ ಬಂದು, ಅಡುಗೆಮನೆಯ ಮೇಜಿನ ಮೇಲೆ ಎರಡು ಕಾರ್ಡು ಇಟ್ಟಳು. ಒಂದರಲ್ಲಿ ತನ್ನ ಸಹಿ ಆಗಿತ್ತು.

"ಬಯ್ಯೋದಾದ್ರೆ ಈಗಲೇ ಬಯ್ದುಬಿಡಿ. ಪೋಸಿಗೆ ಆರು ತುಂಬ್ತು. ನಮ್ಮ ಹಿತ್ತಲಲ್ಲಿ ಹರಿಯೋ ಕಾಲುವೆಗೆ ನಿಮ್ಮ ಹಕ್ಕು-ಗಿಕ್ಕು ಅರ್ಥ ಆಗಲ್ಲ."

ನೋರೀನ್ ಬಯ್ಯಲಿಲ್ಲ. ಆರು ವರ್ಷದ ಮಗುವಿರುವ ತಾಯಿಯ ಭಯ ಅದು. ಅದೇ ಭಯದಿಂದ ತಾನೇ ಇದನ್ನೆಲ್ಲ ಶುರು ಮಾಡಿದವಳು. ಅದಕ್ಕೇ ಸಿಟ್ಟು ಇನ್ನೂ ಹೆಚ್ಚಾಯಿತು. ಪಾತ್ರೆಗಳನ್ನು ತೊಳೆದದ್ದನ್ನೇ ಮತ್ತೆ ತೊಳೆದಳು. ನಿನ್ನ ಸಹಿ ನಿನ್ನದು, ನನ್ನ ಕಾರ್ಡು ತಗೊಂಡು ಹೋಗು ಎಂದಳು. ಹಾಗಾದ್ರೆ ನಾಳೆ ಮಕ್ಕಳಿಗೆ ಕಲಿಸೋರು ಯಾರು ಎಂದು ಜನೆಲ್ ಕೇಳಿದಳು. ನಾನೇ, ಎಂದಳು ನೋರೀನ್. ಹೇಗೆ ಎಂದು ಅವಳಿಗೇ ಇನ್ನೂ ಗೊತ್ತಿರಲಿಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ಗೇಟಿನ ಮುಂದೆ ಏಳು ಗಾಡಿ, ಹದಿನೇಳು ಮಕ್ಕಳು. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಗೇಟಿನ ಬಳಿ ಮಡಿಸುವ ಕುರ್ಚಿ ಹಾಕಿಕೊಂಡು ವೇಡ್ ಟಲ್ಲಿ ಕೂತಿದ್ದ. ಹಾಯ್ಟ್‌ನ ಕಾಲದಿಂದ ಅದೇ ರ‍್ಯಾಂಚಿನ ಆಳು, ಈಗ ಹೊಸಬನ ಮೇಸ್ತ್ರಿ. ರ‍್ಯಾಂಚಿನ ಮನೆಯಲ್ಲೇ ಅವನ ಸಂಸಾರ, ಹದಿನೇಳರಲ್ಲಿ ಒಂದು ಮಗು ಅವನದೇ. ಕಾರ್ಡು ನೋಡುವಾಗ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ತಾಯಂದಿರು ಒಬ್ಬೊಬ್ಬರಾಗಿ ಕಿಟಕಿಯಿಂದ ಕಾರ್ಡು ಚಾಚಿದರು. ಅವರೂ ನೋರೀನ್ ನಿಂತ ಕಡೆಗೆ ಕಣ್ಣು ಹಾಯಿಸಲಿಲ್ಲ. ಅವಳು ಕೆಲಸದ ಪ್ಯಾಂಟಿನ ಒಳಗೆ ಈಜುಡುಗೆ ತೊಟ್ಟು, ಹೆಗಲಿಗೆ ಟವೆಲ್ ಹಾಕಿಕೊಂಡು ನಿಂತಿದ್ದಳು.

ವೇಡ್ ಎದ್ದು ಹತ್ತಿರ ಬಂದ. ಟೋಪಿ ತೆಗೆದು ಹಿಡಿದುಕೊಂಡಿದ್ದ.

"ಸಹಿ ಬೇಡ ನೋರೀನ್. ಸುಮ್ನೆ ಒಂದು ಮಾತು ಕೇಳು. 'ವೇಡ್, ಹೋಗ್ಲಾ?' ಅನ್ನು. ಗೇಟು ತೆಗೀತೀನಿ, ಯಾರಿಗೂ ಹೇಳಲ್ಲ."

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಆ ಮಾತು ಅವಳ ನಾಲಿಗೆಯ ತುದಿಗೆ ಬಂದೂ ಬಿಟ್ಟಿತ್ತು. ಅರವತ್ತೆರಡು ವರ್ಷದ ಅಭ್ಯಾಸ. ಗೇಟು ಕಂಡರೆ ಬಾಯಿ ತಾನಾಗಿ ತೆರೆಯುತ್ತದೆ. ಎರಡಕ್ಷರ ಅಂದುಬಿಟ್ಟರೆ ಮುಗಿಯಿತು, ಹತ್ತು ನಿಮಿಷದಲ್ಲಿ ಮಕ್ಕಳೊಂದಿಗೆ ನೀರಿನಲ್ಲಿ. ಅವಳು ತುಟಿ ಕಚ್ಚಿದಳು, ನಿಜವಾಗಿಯೂ ಕಚ್ಚಿದಳು, ರಕ್ತದ ರುಚಿ ಬಂತು.

"ಇಪ್ಪತ್ತಾರು ವರ್ಷ ಕೇಳಿದೀನಿ ವೇಡ್. ಅದಕ್ಕೇ ಈ ಗತಿ ಬಂದಿರೋದು. ಇನ್ನು ಕೇಳಲ್ಲ."

"ಹಂಗಂದ್ರೆ ನಾನು ಷರೀಫ್‌ಗೆ ಫೋನು ಮಾಡಬೇಕಾಗುತ್ತೆ. ನಂಗೆ ಮನೆ ಇಲ್ಲೇ ಇದೆ, ಗೊತ್ತಲ್ಲ ನಿಂಗೆ."

"ಮಾಡಪ್ಪ. ಮಾಡ್ಲೇಬೇಕು ನೀನು."

ಗಾಡಿಗಳು ಒಳಹೋಗಿ, ಗೇಟು ಮುಚ್ಚಿದ ಮೇಲೆ ಅವಳು ಹತ್ತಿದಳು. ತೆರೆದಿದ್ದಾಗ ನುಸುಳಿದರೆ ಯಾರೋ ಬಿಟ್ಟ ಹಾಗಾಗುತ್ತದೆ ಎಂದು ಬೇಕೆಂದೇ ಮುಚ್ಚುವ ತನಕ ಕಾದಿದ್ದಳು. ಐದು ಕಂಬಿಯ ಗೇಟು. ಮೂರನೆಯದಕ್ಕೆ ಮಂಡಿ ಕೈಕೊಟ್ಟಿತು. ಮೇಲಿನ ಕಂಬಿಯ ಮೇಲೆ ಅಡ್ಡಡ್ಡ ಸಿಕ್ಕಿಕೊಂಡು, ಒದ್ದಾಡಿ, ಆ ಕಡೆ ಧೂಳಿಗೆ ಬಿದ್ದಳು. ವೇಡ್ ಎಬ್ಬಿಸಲು ಓಡಿಬಂದ. ಮುಟ್ಟಬೇಡ ಎಂದು ಗದರಿದಳು. ಅವನು ಕೈ ಹಿಂದೆಳೆದುಕೊಂಡು, ಏನು ಮಾಡಬೇಕೆಂದು ತೋಚದೆ, ಬಿದ್ದಿದ್ದ ಟವೆಲನ್ನು ಕೊಡವಿ ಕಂಬಿಯ ಮೇಲೆ ಹಾಕಿದ.

ಟವೆಲು ಎತ್ತಿಕೊಂಡು ಎರಡು ಮೈಲಿ ನಡೆದಳು. ಗ್ರೇಡರಿನ ಮೇಲಿಂದ ಇಷ್ಟು ವರ್ಷ ಕಂಡಿದ್ದ ರಸ್ತೆ ಕಾಲಡಿಗೆ ಬೇರೆಯೇ ಆಗಿತ್ತು. ಒಂದು ವಸಂತ ಅಲಗು ಬೀಳದ್ದಕ್ಕೆ ನಡುಮಧ್ಯೆ ಕಲ್ಲು ಎದ್ದು, ಅಂಚಿನಲ್ಲಿ ನೀರು ಕೊರೆದಿತ್ತು. ಆ ಕೊರಕಲು ನೋಡಿದಷ್ಟೂ ಅವಳ ಸಿಟ್ಟು ಹೊಸದಾಗುತ್ತಿತ್ತು. ಮುಂದೆ ಹೋಗಿದ್ದ ಜನೆಲ್ ಗಾಡಿಯನ್ನು ಹಿಂದಕ್ಕೆ ತಂದು ಪಕ್ಕದಲ್ಲೇ ನಿಧಾನಕ್ಕೆ ನಡೆಸತೊಡಗಿದಳು. ಹತ್ತಿ ಎನ್ನಲಿಲ್ಲ, ಹತ್ತುವುದಿಲ್ಲವೆಂದು ಗೊತ್ತಿತ್ತು. ಕಿಟಕಿಯಿಂದ ನೀರಿನ ಬಾಟಲಿ ಚಾಚಿದಳು.

"ನೀರಿಗೆ ಅನುಮತಿ ಬೇಡ್ವಾ?" ಎಂದಳು ನೋರೀನ್.

"ಇದು ನಮ್ಮನೆ ನಲ್ಲಿದು. ಕುಡೀರಿ, ಬಿದ್ದುಹೋದ್ರೆ ಹೊತ್ಕೊಂಡು ಹೋಗೋಕೆ ಹಳೇ ಆಂಬುಲೆನ್ಸೇ ಬರೋದು."

ನೋರೀನ್ ಕುಡಿದಳು. ಪೋಸಿ ತಾನೂ ಅಜ್ಜಿಯ ಜೊತೆ ನಡೆಯುತ್ತೇನೆಂದು ಹಟ ಹಿಡಿದು ಇಳಿದಳು. ಕಾಲು ಮೈಲಿ ಕುಪ್ಪಳಿಸಿ, ಕಾಲು ಮೈಲಿ ಕುಂಟಿ, ಆಮೇಲೆ ಬಿಸಿ ಬಿಸಿ ಎಂದು ಅತ್ತು ಮತ್ತೆ ಗಾಡಿ ಹತ್ತಿದಳು.

ಕೆರೆಯ ದಡದಲ್ಲಿ ಮಕ್ಕಳು ಮೊಣಕಾಲು ನೀರಿನಲ್ಲಿ ಕಾದು ನಿಂತಿದ್ದರು. ಅವಳು ಬರುವ ತನಕ ಸೊಂಟದಾಚೆ ಹೋಗಬಾರದೆಂಬುದು ಇಪ್ಪತ್ತನಾಲ್ಕು ವರ್ಷದ ಕಟ್ಟಳೆ. ಅವಳು ಬೂಟು ಬಿಚ್ಚಿ, ತರಚಿದ ಮಂಡಿ ತೊಳೆದು, ಸಾಲಾಗಿ ನಿಲ್ಲಿಸಿದಳು. ಮುಖ ನೀರಿಗೆ, ಗುಳ್ಳೆ ಬಿಡಿ, ಒಂದು, ಎರಡು. ಅವತ್ತು ಅವಳ ದನಿ ಎಷ್ಟು ಗಡುಸಾಗಿತ್ತೆಂದರೆ ಒಂದು ಮಗುವೂ ಕಿತಾಪತಿ ಮಾಡಲಿಲ್ಲ. ದಡದಲ್ಲಿ ತಾಯಂದಿರು ತಲೆ ತಗ್ಗಿಸಿ ಸ್ಯಾಂಡ್‌ವಿಚ್ ಕಟ್ಟುತ್ತ ಕೂತಿದ್ದರು.

ಹತ್ತೂವರೆಗೆ ಷರೀಫ್ ಕಚೇರಿಯ ಪೊಲೀಸು ಗಾಡಿ ಬಂತು. ಇಳಿದವನು ಡಾರೆಲ್ ಫಿಂಚ್, ಇಪ್ಪತ್ತೆಂಟರ ಹುಡುಗ. ಏಳನೆಯ ವಯಸ್ಸಿನಲ್ಲಿ ಇದೇ ನೀರಿನಲ್ಲಿ ಅವಳ ಕುತ್ತಿಗೆಗೆ ಜೋತುಬಿದ್ದು, ಬಿಡಬೇಡಿ ಬಿಡಬೇಡಿ ಎಂದು ಅತ್ತವನು. ಮಕ್ಕಳನ್ನು ದಡಕ್ಕೆ ಹತ್ತಿಸಿ ಅವಳು ಬಂದಳು. ಅವನು ಬೂಟಿನ ತುದಿಯನ್ನೇ ನೋಡುತ್ತಿದ್ದ.

"ಮಿಸ್ ನೋರೀನ್, ಗಾಡೀಲಿ ಕಾರ್ಡಿದೆ. ಒಂದು ಸಹಿ ಹಾಕಿಬಿಡಿ, ನಾನು ಬಂದ ದಾರಿಗೆ ಸುಂಕ ಇಲ್ಲದ ಹಾಗೆ ಹೋಗ್ತೀನಿ."

"ಪುಸ್ತಕ ತೆಗಿ ಡಾರೆಲ್."

"ಇದು ಮೊದಲನೇ ಸಲ ಅಲ್ವಾ, ಎಚ್ಚರಿಕೆ ಕೊಟ್ಟು ಬಿಡಬಹುದು ನಾನು."

"ಬಿಡಬೇಡ. ಬರಿ."

ಅವನು ದಂಡದ ಚೀಟಿಯ ಪುಸ್ತಕ ತೆಗೆದ. ಕಾನೂನಿನ ಕಲಮು, ಅವಳ ಹೆಸರು, ವಿಳಾಸ ಬರೆದ. ಪೆನ್ನು ನಿಂತಿತು. ಅವಳು ಟವೆಲಿನಿಂದ ಕೈ ಒರೆಸಿಕೊಂಡು, ಅವನ ಭುಜದ ಮೇಲಿಂದ ಬಗ್ಗಿ ನೋಡಿದಳು.

"'ಅನುಮತಿ ಕೇಳದೆ' ಅಂತ ಬರಿ. ಕೇಳದೆ. ಅಕ್ಷರ ಬಿಡಿಸಿ ಬರಿ, ನಿನ್ನ ಬರವಣಿಗೆ ಕೋಳಿ ಕಾಲು. ಗೇಟು ಹತ್ತಿ ಬಂದಳು, ಹಾಡಹಗಲು, ಎಲ್ಲರ ಕಣ್ಣೆದುರು. ತಾರೀಖು ಹಾಕು. ಹೊತ್ತೂ ಹಾಕು."

ಡಾರೆಲ್ ಬರೆದ. ಬರೆಯುತ್ತ ಬರೆಯುತ್ತ ಅವನಿಗೆ ವಿಷಯ ಹೊಳೆದಿರಬೇಕು. ತಲೆ ಎತ್ತಿ ಅವಳನ್ನೊಮ್ಮೆ ನೋಡಿದ. 'ಕೇಳದೆ' ಎಂಬುದರ ಕೆಳಗೆ ತಾನಾಗಿಯೇ ಒಂದು ಗೆರೆ ಎಳೆದ. ಹಾಳೆ ಹರಿದು ಕೊಟ್ಟ. ಅವಳು ಒದ್ದೆಯಾಗದಂತೆ ಎರಡು ಬೆರಳಲ್ಲಿ ಹಿಡಿದು ಪೂರ್ತಿ ಓದಿದಳು, ಜನೆಲ್ ಕೈಗೆ ಕೊಟ್ಟಳು. ಜನೆಲ್ ಅದನ್ನು ಸ್ಯಾಂಡ್‌ವಿಚ್ಚಿನ ಪ್ಲಾಸ್ಟಿಕ್ ಚೀಲವೊಂದನ್ನು ಖಾಲಿ ಮಾಡಿ, ಒರೆಸಿ, ಅದರೊಳಗಿಟ್ಟು ಗಾಳಿ ಹೋಗದಂತೆ ಮುಚ್ಚಿದಳು.

"ಮುಂದಿನ ಮಂಗಳವಾರನೂ ಬರ್ತೀನಿ," ಎಂದಳು ನೋರೀನ್. "ಒಂಬತ್ತು ಗಂಟೆಗೆ. ನೀನೂ ಬಾ, ಪುಸ್ತಕ ಮರೀಬೇಡ."

ಡಾರೆಲ್ ಟೋಪಿ ಮುಟ್ಟಿಕೊಂಡು ಗಾಡಿಯತ್ತ ಹೋದ. ಅವಳು ನೀರಿನ ಕಡೆ ತಿರುಗಿ ತಲೆ ಎಣಿಸಿದಳು. ಹದಿನೇಳು. ವೇಡ್‌ನ ಮಗಳು ಎಲ್ಲರಿಗಿಂತ ಮುಂದೆ ನಿಂತು ನಡುಗುತ್ತಿದ್ದಳು.

"ಏನು ನೋಡ್ತಾ ನಿಂತಿದೀರ," ಎಂದು ಗದರಿದಳು, "ಇಳೀರಿ ನೀರಿಗೆ. ಕಾಲು ಬಡೀರಿ."